ಕಪ್ಪೆಲೆಯ ಕೋರಲ್ ಬೆಲ್ಸ್: ಸುಳಿ ಮುಚ್ಚದಿದ್ದರೆ ಗಿಡ ಉಳಿಯುತ್ತದೆ

ಹೋದ ವರ್ಷ ದಾವಣಗೆರೆಯ ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಈ ಗಿಡ ತಂದರು. ಎಲೆ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಬದನೆಕಾಯಿ ಸಿಪ್ಪೆಯ ಬಣ್ಣ, ಮೇಲೊಂದು ಹೊಳಪು, ತಿರುಗಿಸಿದರೆ ಹಿಂದೆ ಬೀಟ್‌ರೂಟ್ ಕೆಂಪು. ಮಾರ್ಚ್ ಮುಗಿಯುವಷ್ಟರಲ್ಲಿ ಮೂರು ಮನೆಯ ಗಿಡ ಸತ್ತವು. ಬಿಸಿಲಿಗೆ ಹೋಯಿತು ಅಂದರು. ನಾನು ಮೂರನ್ನೂ ಕಿತ್ತು ನೋಡಿದೆ. ಮೂರಕ್ಕೂ ಬುಡ ಕೊಳೆತಿತ್ತು. ಗಿಡ ಅಲ್ಲಾಡಬಾರದು ಅಂತ ಮಣ್ಣು ಏರಿಸಿದ್ದರು, ಬಾಡಿತು ಅಂತ ನೀರು ಸುರಿದಿದ್ದರು. ಚೆನ್ನಾಗಿ ನೋಡಿಕೊಳ್ಳಲು ಹೋಗಿಯೇ ಗಿಡ ಸತ್ತಿತ್ತು. ಅದಕ್ಕೇ ಈ ಬರಹ.

ಗಿಡದ ಸಸ್ಯಶಾಸ್ತ್ರದ ಹೆಸರು ಹ್ಯೂಕೆರಾ. ಹಾಯ್ಕರ್ ಎಂಬ ಜರ್ಮನಿಯ ವೈದ್ಯರ ಹೆಸರಿನಿಂದ ಬಂದದ್ದು. ತವರು ಉತ್ತರ ಅಮೆರಿಕ. ಅಲ್ಲಿನ ಒಂದು ಜಾತಿಯಲ್ಲಿ ಹವಳದ ಬಣ್ಣದ ಗಂಟೆಯಂಥ ಸಣ್ಣ ಹೂ ಬಿಡುತ್ತದೆ, ಕೋರಲ್ ಬೆಲ್ಸ್ ಅನ್ನುವುದು ಅದರಿಂದ. ಆದರೆ ಹೂವಿಗೆ ಅಂತ ತರಬೇಡಿ. ಚೆನ್ನಾಗಿ ಹೂ ಬಿಡಲು ಅದಕ್ಕೆ ಚಳಿಗಾಲದ ಗಟ್ಟಿ ಚಳಿ ಬೇಕು, ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ? ಇಲ್ಲಿ ಇದು ಎಲೆಯ ಗಿಡ, ಕುಂಡದ ಗಿಡ. ನೆಲದಲ್ಲಿ ಹಾಕುವ ಯೋಚನೆಯನ್ನೇ ಬಿಡಿ. ಏಪ್ರಿಲ್‌ನಲ್ಲಿ ಎತ್ತಿ ನೆರಳಿಗೆ ಇಡಲು ಆಗಬೇಕು.

ತರುವುದು

ಮಳೆ ಹಿಂದಾಗುವ ಹೊತ್ತಿಗೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ತನ್ನಿ. ಬೇರು ಹಿಡಿಯಲು ನಾಲ್ಕೈದು ತಿಂಗಳು ತಂಪು ಸಿಗುತ್ತದೆ. ಫೆಬ್ರವರಿಯಲ್ಲಿ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

ನರ್ಸರಿಯಲ್ಲಿ ಸಿಕ್ಕರೆ ಎಲೆಯ ಹಿಂಭಾಗ ಮತ್ತು ತೊಟ್ಟನ್ನು ಬೆರಳಿಂದ ಸವರಿ ನೋಡಿ. ಮೆತ್ತಗೆ ರೋಮ ಇದ್ದರೆ ಒಳ್ಳೆಯ ಸೂಚನೆ. ಅಮೆರಿಕದ ಆಗ್ನೇಯ ಭಾಗದ ಗುಡ್ಡಗಳಲ್ಲಿ ಬೆಳೆಯುವ ವಿಲ್ಲೋಸಾ ಎಂಬ ಜಾತಿಗೆ ಈ ರೋಮ ಇರುತ್ತದೆ. ಸೆಖೆಯನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುವುದು ಅದು ಮತ್ತು ಅದರ ಮಿಶ್ರತಳಿಗಳು. ಹೆಸರುವಾಸಿಯಾದ ಕಪ್ಪೆಲೆಯ ತಳಿ ‘ಪ್ಯಾಲೇಸ್ ಪರ್ಪಲ್’. ಲಂಡನ್ನಿನ ಕ್ಯೂ ತೋಟದಲ್ಲಿ ಆರಿಸಿ ಬೆಳೆಸಿದ್ದು, 1991ರಲ್ಲಿ ಅಮೆರಿಕದಲ್ಲಿ ವರ್ಷದ ಬಹುವಾರ್ಷಿಕ ಗಿಡ ಎಂಬ ಗೌರವ ಪಡೆದದ್ದು. ಅದೂ ಸಹ ಸೆಖೆಯಲ್ಲಿ ಸ್ವಲ್ಪ ಹಸಿರು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಇಳಿಯಿತೆಂದು ಗೊಬ್ಬರ ಸುರಿಯಬೇಡಿ, ತಂಪಾದ ಮೇಲೆ ಬರುವ ಹೊಸ ಎಲೆ ಮತ್ತೆ ಕಪ್ಪಾಗಿಯೇ ಬರುತ್ತದೆ.

ಬೀಜದ ವಿಷಯ ಹೇಳಲೇಬೇಕು. ಆನ್‌ಲೈನ್‌ನಲ್ಲಿ ನೀಲಿ ಎಲೆ, ಅಚ್ಚ ಕಪ್ಪು ಎಲೆಯ ಫೋಟೊ ಹಾಕಿ ನೂರು ಬೀಜದ ಪೊಟ್ಟಣ ಮಾರುತ್ತಾರೆ. ನೀಲಿ ಎಲೆಯ ಹ್ಯೂಕೆರಾ ಇಲ್ಲವೇ ಇಲ್ಲ. ನನ್ನ ತಂಗಿ ತರಿಸಿದ ಪೊಟ್ಟಣದಲ್ಲಿ ಸಾಸಿವೆ ಗಾತ್ರದ ಕಾಳುಗಳಿದ್ದವು. ಈ ಗಿಡದ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣ, ನಶ್ಯದ ಪುಡಿಯಂತೆ ಇರುತ್ತದೆ. ಅಸಲಿ ಬೀಜವೇ ಸಿಕ್ಕರೂ ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಹುಟ್ಟಿದ ಸಸಿಗಳೆಲ್ಲ ತಾಯಿಯ ಬಣ್ಣಕ್ಕೇ ಬರುವುದಿಲ್ಲ. ಗಿಡವನ್ನೇ ಕೊಳ್ಳಿ.

ಕುಂಡ ಮತ್ತು ಮಣ್ಣು

ಮಣ್ಣಿನ ಕುಂಡವೇ ಆಗಬೇಕು. ಹತ್ತು ಇಂಚು ಅಗಲ ಇರಲಿ, ಆಳ ಕಡಿಮೆ ಇದ್ದರೂ ಸಾಕು, ಬೇರು ಮೇಲುಮೇಲೇ ಹರಡುತ್ತದೆ. ಮಣ್ಣಿನ ಕುಂಡದ ಮೈಯಿಂದ ನೀರು ಆರುತ್ತದೆ, ಬೇರು ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಏಪ್ರಿಲ್‌ನಲ್ಲಿ ಮುಟ್ಟಿದರೆ ಕೈ ಸುಡುತ್ತದೆ, ಒಳಗಿನ ಬೇರಿನ ಪಾಡು ಯೋಚಿಸಿ.

ಎರೆ ಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಚಿತ್ರದುರ್ಗದ ಕಡೆಯವರಿಗೆ ಕೆಂಪು ಗರಸು ಮನೆ ಪಕ್ಕದಲ್ಲೇ ಸಿಗುತ್ತದೆ, ದಪ್ಪ ಕಲ್ಲು ಆರಿಸಿ ತೆಗೆದರೆ ಆಯಿತು.

ಹೊಟ್ಟಿಗೆ ದಾವಣಗೆರೆಯವರು ಎಲ್ಲೂ ಅಲೆಯಬೇಕಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕೇಳಿದರೆ ಒಂದು ಚೀಲ ಕೊಡುತ್ತಾರೆ. ಆದರೆ ಯಾವ ಹೊಟ್ಟು ಅನ್ನುವುದು ಮುಖ್ಯ. ಅರೆಬೆಂದು ಕಪ್ಪಗಾದದ್ದು ಬೇಕು. ಹಿಡಿದರೆ ಕಾಳಿನ ಸಿಪ್ಪೆಯ ಆಕಾರ ಇನ್ನೂ ಕಾಣಬೇಕು. ಪೂರ್ತಿ ಸುಟ್ಟು ಬಿಳಿ ಬೂದಿಯಾದದ್ದು ಮಣ್ಣನ್ನು ಕ್ಷಾರ ಮಾಡುತ್ತದೆ. ಕಪ್ಪು ಹೊಟ್ಟನ್ನೂ ಬಕೆಟ್‌ನಲ್ಲಿ ಎರಡು ಸಲ ತೊಳೆದು, ನೀರು ಬಸಿದು ಬಳಸಿ. ಇದರ ಬದಲು ಅಗ್ಗದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ತರುವವರಿದ್ದಾರೆ. ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಜಾಸ್ತಿ, ಎಲೆಯ ಅಂಚು ಸುಟ್ಟಂತಾಗುತ್ತದೆ.

ಕುಂಡ ತುಂಬಿ ಒಂದು ಚೆಂಬು ನೀರು ಹಾಕಿ ಹತ್ತು ಎಣಿಸಿ. ಅಷ್ಟರಲ್ಲಿ ಮೇಲಿನ ನೀರು ಇಂಗಿ, ಸ್ವಲ್ಪ ಹೊತ್ತಿಗೆ ಕೆಳಗಿನ ತೂತಿನಲ್ಲಿ ತೊಟ್ಟಿಕ್ಕಬೇಕು. ಮೇಲೇ ನಿಂತರೆ ಇನ್ನೊಂದು ಬೊಗಸೆ ಹೊಟ್ಟು ಬೆರೆಸಿ.

ನೆಡುವುದು

ಇಲ್ಲಿ ಅವಸರ ಬೇಡ. ಎಲ್ಲ ಗಿಡ ಸಾಯುವುದೂ ಈ ಹತ್ತು ನಿಮಿಷದಲ್ಲಿ.

ಗಿಡವನ್ನು ಕವರ್‌ನಿಂದ ಬಿಡಿಸಿ ಪೇಪರ್ ಮೇಲೆ ಮಲಗಿಸಿ. ಎಲೆಗಳನ್ನೆಲ್ಲ ಒಂದು ಕೈಯಲ್ಲಿ ಜಡೆಯಂತೆ ಒಟ್ಟು ಹಿಡಿದು ಮೇಲೆತ್ತಿ. ತೊಟ್ಟುಗಳೆಲ್ಲ ಒಂದು ಗಂಟಿನಿಂದ ಹೊರಟಿರುತ್ತವೆ. ಹಳೆಯ ಟೂತ್‌ಬ್ರಷ್‌ನಿಂದ ಆ ಗಂಟಿನ ಸುತ್ತಲ ಮಣ್ಣು ಸರಿಸಿ. ನಡುವೆ ಚಿಟಿಕೆಯಷ್ಟು, ಇನ್ನೂ ಬಿಚ್ಚದ ಎಲೆ ಮಡಚಿಕೊಂಡು ಕೂತಿರುವುದು ಕಾಣುತ್ತದೆ. ಅದೇ ಸುಳಿ. ಅದರ ಕೆಳಗೆ ಕಂದು ಬಣ್ಣದ ಗಟ್ಟಿ ಕೊರಳು. ಕೊರಳಿನ ಕೆಳಗೆ ಬೇರು.

ಬೇರು ಮಣ್ಣಿನೊಳಗೆ ಇರಬೇಕು. ಕೊರಳು ಮಣ್ಣಿನೊಳಗೆ ಇದ್ದರೂ ತೊಂದರೆಯಿಲ್ಲ, ಅದರಿಂದಲೂ ಬೇರು ಬರುತ್ತದೆ. ಸುಳಿಯ ಮೇಲೆ ಮಾತ್ರ ಒಂದು ಚಮಚ ಮಣ್ಣೂ ಬೀಳಬಾರದು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಸುಳಿ ಕೊಳೆ ಎಂದರೆ ಏನೆಂದು ವಿವರಿಸಬೇಕಿಲ್ಲ. ಇಲ್ಲೂ ಹಾಗೆಯೇ, ಸುಳಿ ಹೋದರೆ ಆ ಗಿಡ ಹೋದಂತೆ.

ಅಳತೆಗೆ ನಾನು ಮಾಡುವುದು ಇಷ್ಟು. ಕುಂಡದ ಬಾಯಿಗೆ ಅಡ್ಡಲಾಗಿ ಒಂದು ಚಪ್ಪಟೆ ಸ್ಕೇಲ್ ಇಡುತ್ತೇನೆ. ಸುಳಿ ಸ್ಕೇಲಿಗೆ ತಾಗುವಂತೆ ಗಿಡ ಹಿಡಿದು, ಸುತ್ತ ಮಣ್ಣು ಬಿಡುತ್ತೇನೆ. ಸ್ಕೇಲಿಗಿಂತ ಒಂದು ಬೆರಳು ದಪ್ಪ ಕೆಳಗೆ ಮಣ್ಣು ನಿಲ್ಲಿಸುತ್ತೇನೆ. ಆಮೇಲೆ ನೀರು ಹಾಕಿದಾಗ ಮಣ್ಣು ಕುಸಿಯುತ್ತದೆ, ಗಿಡವೂ ಜೊತೆಗೆ ಇಳಿಯುತ್ತದೆ. ಮೊದಲೇ ಸಮ ಮಾಡಿಟ್ಟರೆ ಮರುದಿನ ಸುಳಿ ಗುಂಡಿಯಲ್ಲಿ ಕೂತಿರುತ್ತದೆ, ಹಾಕಿದ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಇಳಿದಿದ್ದರೆ ಕೈಯಿಂದ ಸುತ್ತ ಒತ್ತಿ ಸರಿಮಾಡಬೇಡಿ, ಪೂರ್ತಿ ಎತ್ತಿ ಮತ್ತೆ ನೆಡಿ. ಬೇಜಾರಿನ ಕೆಲಸ ನಿಜ, ಆದರೆ ಮಾಡಿ.

ಮಣ್ಣನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಅಮುಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಬೇಡ. ಕುಂಡವನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಸಾಕು. ಕೊನೆಗೆ ಸುಳಿಯ ಸುತ್ತ ಕಾಲಿಂಚು ಸಣ್ಣ ಜಲ್ಲಿ ಹರಡಿ. ಬುಡ ಬೇಗ ಒಣಗುತ್ತದೆ, ಮಣ್ಣು ಎಲೆಗೆ ಸಿಡಿಯುವುದಿಲ್ಲ.

ಜಾಗ, ನೀರು

ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ, ಆಮೇಲೆ ನೆರಳು. ಪೂರ್ವದ ಜಗಲಿ ಇದ್ದರೆ ಅದೇ ಸರಿ. ಪೂರ್ತಿ ಕತ್ತಲೆಯಲ್ಲಿಟ್ಟರೆ ಎಲೆ ಹಸಿರಾಗುತ್ತದೆ, ಮಧ್ಯಾಹ್ನದ ಬಿಸಿಲಿಗಿಟ್ಟರೆ ಸುಡುತ್ತದೆ. ಪಶ್ಚಿಮದ ಗೋಡೆ ಪಕ್ಕ ಬೇಡ. ಚಿತ್ರದುರ್ಗದಲ್ಲಿ ಗಾಳಿ ಜಾಸ್ತಿ, ಬಂಡೆಯ ಕಾವು ಕತ್ತಲಾದ ಮೇಲೂ ಇಳಿಯುವುದಿಲ್ಲ. ಅಲ್ಲಿ ಗಾಳಿಗೆ ಒಂದು ಮರೆ ಬೇಕು.

ನೀರು ಬೆಳಿಗ್ಗೆ ಮಾತ್ರ, ಕುಂಡದ ಅಂಚಿಗೆ ಮಾತ್ರ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಹಾಕಿ. ಬೋರ್ ನೀರು ಗಡುಸು. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದ್ದು ನೋಡಿರುತ್ತೀರಿ ಅಲ್ವಾ, ಅದೇ ಉಪ್ಪು ಬೇರಿನ ಸುತ್ತಲೂ ಕೂರುತ್ತದೆ. ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಒಳ್ಳೆಯದು. ಕುಡಿಯುವ ನೀರಿನ ಆರ್‌ಒ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ‘ಸುಮ್ನೆ ಯಾಕೆ ಚೆಲ್ಲೋದು’ ಅಂತ ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಫಿಲ್ಟರ್‌ಗೆ ಹೋದ ನೀರಿಗಿಂತ ಜಾಸ್ತಿ ಉಪ್ಪಿರುತ್ತದೆ. ಅಂಗಳ ತೊಳೆಯಲು ಬಳಸಿ.

ಗೊಬ್ಬರ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ಅಂಚಿನಲ್ಲಿ. ಹಸಿ ಸಗಣಿ ಬೇಡ. ಹಿಟ್ಟು ತಿಗಣೆ ಕಂಡರೆ ಹತ್ತಿಯಿಂದ ಒರೆಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ.

ಏಪ್ರಿಲ್, ಮೇ

ಮಧ್ಯಾಹ್ನ ಎರಡು ಗಂಟೆಗೆ ಗಿಡ ಜೋತು ಬಿದ್ದಿರುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಕೈ ತಾನಾಗಿ ಚೆಂಬಿಗೆ ಹೋಗುತ್ತದೆ. ತಡೆಯಿರಿ. ಮೊದಲು ಮಣ್ಣು ಮುಟ್ಟಿ. ಒದ್ದೆ ಇದ್ದರೆ ಗಿಡಕ್ಕೆ ನೀರಿನ ಕೊರತೆಯಿಲ್ಲ. ಎಲೆಯಿಂದ ಆರಿ ಹೋಗುವಷ್ಟು ವೇಗದಲ್ಲಿ ಬೇರು ನೀರು ಎಳೆಯಲಾರದು, ಅಷ್ಟೇ. ಸಂಜೆ ಏಳಕ್ಕೆ ಮತ್ತೆ ನೋಡಿ, ಎದ್ದು ನಿಂತಿರುತ್ತದೆ. ಮಧ್ಯಾಹ್ನ ಜೋತು ಬಿದ್ದಾಗಲೇ ನೀರು ಸುರಿದರೆ ಬಿಸಿ ಮಣ್ಣು, ನಿಂತ ನೀರು ಎರಡೂ ಸೇರಿ ವಾರದೊಳಗೆ ಬೇರು ಕೊಳೆಯುತ್ತದೆ. ಸಂಜೆಗೂ ಏಳದಿದ್ದರೆ, ಎಲೆ ಹಿಡಿದು ಮೆಲ್ಲಗೆ ಎಳೆದಾಗ ಗಿಡ ಕೈಗೇ ಬಂದರೆ, ಕೊಳೆತಿದೆ ಎಂದೇ ಅರ್ಥ.

ಕುಂಡವನ್ನು ಅದಕ್ಕಿಂತ ದೊಡ್ಡ ಕುಂಡದೊಳಗೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಒದ್ದೆ ಇಡಿ. ಎರಡು ಕುಂಡಕ್ಕೂ ತಳದಲ್ಲಿ ತೂತು ಇರಲಿ. ಕುಡಿಯುವ ನೀರಿನ ಮಡಕೆ ತಂಪಾಗುವ ಹಾಗೆಯೇ ಬೇರೂ ತಂಪಾಗುತ್ತದೆ. ಈ ಎರಡು ತಿಂಗಳು ಗೊಬ್ಬರ ಪೂರ್ತಿ ನಿಲ್ಲಿಸಿ. ಸುಟ್ಟ ಎಲೆ ಮಾತ್ರ ಕತ್ತರಿಸಿ. ಜೂನ್ ಮಳೆ ಹಿಡಿದ ಮೇಲೆ ಸೂರಿನ ಕೆಳಗೆ ಇಡಿ, ಜಡಿಮಳೆಗೆ ನೇರ ಬಿಡಬೇಡಿ.

ಎರಡು ವರ್ಷಕ್ಕೆ ಕೊರಳು ಉದ್ದವಾಗಿ ಗಿಡ ಮೇಲೆದ್ದು ಬೋಳಾಗಿ ಕಾಣುತ್ತದೆ. ಆಗ ಮೇಲಿಂದ ಮಣ್ಣು ಗುಡ್ಡೆ ಹಾಕಬೇಡಿ. ಅಕ್ಟೋಬರ್‌ನಲ್ಲಿ ಗಿಡ ಕಿತ್ತು, ಒಂದೊಂದು ಸುಳಿಗೂ ಒಂದಿಷ್ಟು ಕೊರಳು, ಎರಡು ಮೂರು ಬೇರು ಬರುವಂತೆ ಚಾಕುವಿನಿಂದ ಬಿಡಿಸಿ. ಹೊರಗಿನ ದೊಡ್ಡ ಎಲೆ ಕತ್ತರಿಸಿ, ಸುಳಿ ಪಕ್ಕದ ಎರಡು ಸಣ್ಣ ಎಲೆ ಉಳಿಸಿ. ಕೊಯ್ದ ಜಾಗ ಒಂದು ಗಂಟೆ ನೆರಳಲ್ಲಿ ಆರಿದ ಮೇಲೆ ಬೇರೆ ಬೇರೆ ಕುಂಡದಲ್ಲಿ ಕೊರಳು ಮುಚ್ಚುವವರೆಗೆ ನೆಡಿ. ನಮ್ಮ ಮನೆಯ ಒಂದು ಗಿಡದಿಂದ ಹೋದ ಅಕ್ಟೋಬರ್‌ನಲ್ಲಿ ಐದು ಆದವು. ಮೂರನ್ನು ಆ ಮೂರು ಮನೆಗೆ ಕೊಟ್ಟೆ, ಸ್ಕೇಲ್ ಹಿಡಿದು ನಾನೇ ನೆಟ್ಟು ಬಂದೆ.