ಹೋಯಿ ಆನ್‌ನಲ್ಲಿ ಸೂಟು ಹೊಲಿಸಿಕೊಂಡ ಬಗೆ

ವಿಯೆಟ್ನಾಮಿನ ಹೋಯಿ ಆನ್‌ನಲ್ಲಿ ಸೂಟು ಹೊಲಿಸುವುದಾದರೆ ಆ ಊರಿನಲ್ಲಿ ಕನಿಷ್ಠ ನಾಲ್ಕು ರಾತ್ರಿ ಉಳಿಯುವ ಹಾಗೆ ಟಿಕೆಟ್ ಮಾಡಿಸಿ. ದನಾಂಗ್ ವಿಮಾನ ನಿಲ್ದಾಣದಿಂದ ಸುಮಾರು 30 ಕಿ.ಮೀ. ದೂರದ ಈ ಹಳೇ ಬಂದರು ಪಟ್ಟಣ 1999ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಟೈಲರ್ ಅಂಗಡಿಗಳಿಗೂ ಅಷ್ಟೇ ಹೆಸರುವಾಸಿ. ಹಲವು ಅಂಗಡಿಗಳು 24 ಗಂಟೆಯಲ್ಲಿ ಸೂಟು ಕೊಡುತ್ತೇವೆ ಎನ್ನುತ್ತವೆ, ಕೊಡುತ್ತವೆ ಕೂಡ. ಆದರೆ ಅಷ್ಟು ಹೊತ್ತಿನಲ್ಲಿ ಒಂದೇ ಟ್ರಯಲ್ ಆಗುತ್ತದೆ, ಕೋಟಿನೊಳಗೆ ಕ್ಯಾನ್ವಾಸ್ (ಮುಂಭಾಗಕ್ಕೆ ಆಕಾರ ಕೊಡಲು ಎರಡು ಪದರದ ನಡುವೆ ಹೊಲಿಯುವ ಗಡಸು ಬಟ್ಟೆ) ಕೂರಿಸಲು ಸಮಯವೇ ಇರುವುದಿಲ್ಲ. ನಾನು ಮೂರು ಟ್ರಯಲ್‌ಗಿಂತ ಕಡಿಮೆಗೆ ಒಪ್ಪುವುದಿಲ್ಲ. ಮೊದಲ ದಿನ ಬೆಳಿಗ್ಗೆ ಅಳತೆ, ಎರಡನೇ ದಿನ ಸಂಜೆ ಕಚ್ಚಾ ಹೊಲಿಗೆಯ ಟ್ರಯಲ್, ಮೂರನೇ ದಿನ ಎರಡನೆಯದು, ನಾಲ್ಕನೇ ದಿನ ಕೊನೆಯದು. ಐದನೇ ದಿನದ ಬೆಳಗನ್ನು ಉಳಿದ ಸಣ್ಣಪುಟ್ಟ ತಿದ್ದುಪಡಿಗೆಂದು ಖಾಲಿ ಬಿಡಿ. ಅಕ್ಟೋಬರ್-ನವೆಂಬರ್‌ನಲ್ಲಿ ಥು ಬೋನ್ ನದಿಯ ನೆರೆ ಹಳೇ ಪೇಟೆಯ ಬೀದಿಗಳಿಗೇ ನುಗ್ಗುವುದುಂಟು. ಆ ತಿಂಗಳುಗಳಲ್ಲಿ ಹೊಲಿಗೆಯನ್ನು ನಂಬಿ ಹೋಗಬೇಡಿ.

ಹೊರಡುವಾಗಲೇ ಮೂರು ವಸ್ತು ಜೊತೆಗಿರಲಿ: ಸೂಟಿನ ಜೊತೆ ಹಾಕುವ ಶರ್ಟು, ಅದೇ ಬೂಟು, ಮತ್ತು ನಿಮಗೆ ಚೆನ್ನಾಗಿ ಕೂರುವ ಒಂದು ಹಳೆಯ ಕೋಟು. ಚಪ್ಪಲಿ ಹಾಕಿಕೊಂಡು ಅಳೆಸಿದ ಪ್ಯಾಂಟು ಬೂಟಿನ ಮೇಲೆ ಬಂದಾಗ ಗಿಡ್ಡವಾಗುತ್ತದೆ. ಟೀ ಶರ್ಟಿನ ಮೇಲೆ ನೋಡಿದ ಕೋಟಿನಲ್ಲಿ ಕಾಲರೂ ತೋಳುದ್ದವೂ ಗೊತ್ತಾಗುವುದಿಲ್ಲ.

ಅಂಗಡಿ ಆರಿಸುವಾಗ ಹೋಟೆಲಿನವರು, ಟ್ಯಾಕ್ಸಿಯವರು ಹೇಳಿದ ಹೆಸರನ್ನು ಪಕ್ಕಕ್ಕಿಡಿ, ಅದರಲ್ಲಿ ಅವರ ಕಮಿಷನ್ ಸೇರಿರಬಹುದು. ಒಳಗೆ ಹೋಗಿ, ಬೇರೆ ಗಿರಾಕಿಗೆ ಹೊಲಿದು ತೂಗುಹಾಕಿದ ಕೋಟನ್ನು ತೋರಿಸಲು ಕೇಳಿ. ಕೆಳಗಿನ ಗುಂಡಿಗಿಂತ ಕೆಳಗೆ ಮುಂಭಾಗದ ಬಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ಹಿಡಿದು ಎಳೆದು ಬೇರ್ಪಡಿಸಿ ನೋಡಿ. ಎರಡು ಪದರದ ನಡುವೆ ಮೂರನೆಯದೊಂದು ಸಡಿಲವಾಗಿ ಜಾರಿದರೆ ಅದು ಪೂರ್ತಿ ಕ್ಯಾನ್ವಾಸ್. ಅಲ್ಲಿ ಸಿಗದೆ ಎದೆಯ ಹತ್ತಿರ ಮಾತ್ರ ಸಿಕ್ಕರೆ ಅರ್ಧ ಕ್ಯಾನ್ವಾಸ್. ಎಲ್ಲೂ ಸಿಗದೆ ಮೇಲಿನ ಬಟ್ಟೆ ರಟ್ಟಿನಂತೆ ಬಿಗಿಯಾಗಿದ್ದರೆ ಒಳಗಿರುವುದು ಅಂಟು ಹಾಕಿ ಇಸ್ತ್ರಿಯಿಂದ ಕೂರಿಸಿದ ಫ್ಯೂಸಿಂಗ್. ಬಿಸಿಗೂ ಡ್ರೈಕ್ಲೀನಿಂಗ್ ದ್ರಾವಣಕ್ಕೂ ಆ ಅಂಟು ಕ್ರಮೇಣ ಬಿಡುತ್ತದೆ, ಎದೆಯ ಮೇಲೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಎದ್ದ ಗುಳ್ಳೆಗೆ ಮದ್ದಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಕ್ಯಾನ್ವಾಸ್ ಸಾಕು, ಅದಕ್ಕಿಂತ ಕೆಳಗಿಳಿಯಬಾರದು.

ಬಟ್ಟೆಯ ವಿಷಯಕ್ಕೆ ಬಂದರೆ, ಲೇಬಲ್ಲಿನ ಮಾತನ್ನು ನಂಬದೆ ಬೆಂಕಿಗೆ ಹಿಡಿದು ನೋಡಿ. ಥಾನಿನ ಅಂಚಿನಿಂದ ನಾಲ್ಕು ಎಳೆ ತೆಗೆದು ಲೈಟರ್ ಹಚ್ಚಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಮಿಶ್ರಣ. ಹಾಗೆ ಸುಡಲು ಬಿಡದ ಅಂಗಡಿಯಲ್ಲಿ ನಾನು ಉಣ್ಣೆಯ ಬೆಲೆ ಕೊಡುವುದಿಲ್ಲ. ನೂರು ಡಾಲರಿಗೆ ‘ಇಟಾಲಿಯನ್ ಕ್ಯಾಶ್ಮಿಯರ್’ (ಮೇಕೆಯ ನಯವಾದ ದುಬಾರಿ ಉಣ್ಣೆ) ಸೂಟು ಎಂದರೆ ಅಲ್ಲಿ ಚರ್ಚೆಯೇ ಬೇಡ, ಆ ದುಡ್ಡಿಗೆ ಅಂಥ ಬಟ್ಟೆಯೇ ಬರುವುದಿಲ್ಲ. ಉಣ್ಣೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡು ಹಿಂಡಿ ಬಿಟ್ಟಾಗ ಸುಕ್ಕು ತಾನಾಗಿ ಬಿಚ್ಚಿಕೊಳ್ಳಬೇಕು. ಉಣ್ಣೆಯ ಬಟ್ಟೆಗೆ ಕೊಡುವ ಸೂಪರ್ 100, 120, 150 ಎಂಬ ಸಂಖ್ಯೆ ಎಳೆಯ ನಯವನ್ನಷ್ಟೇ ಹೇಳುತ್ತದೆ. 150ರ ಮೇಲಿನದು ಕೈಗೆ ಹಿತ, ಆದರೆ ಬೇಗ ಮುದುಡುತ್ತದೆ, ಕೂತು ಎದ್ದಲ್ಲಿ ಸವೆಯುತ್ತದೆ. 100ರಿಂದ 120, ಮೀಟರಿಗೆ 240ರಿಂದ 280 ಗ್ರಾಂ ತೂಕ, ಇಷ್ಟಿದ್ದರೆ ಬೆಂಗಳೂರು-ಮೈಸೂರಿನ ಹವೆಗೆ ಸರಿಹೋಗುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಹಾಕುವವರು ಇನ್ನೂ ತೆಳು ನೇಯ್ಗೆ ತೆಗೆದುಕೊಂಡು, ಬೆನ್ನಿಗೆ ಅರ್ಧ ಮಾತ್ರ ಲೈನಿಂಗ್ ಹಾಕಿಸಬೇಕು. ಲೈನಿಂಗ್ ಪಾಲಿಯೆಸ್ಟರ್ ಬೇಡ, ಕ್ಯುಪ್ರೋ ಅಥವಾ ವಿಸ್ಕೋಸ್ ಕೇಳಿ, ಬೆವರು ಒಳಗೇ ನಿಲ್ಲುವುದಿಲ್ಲ.

ಬಣ್ಣವನ್ನು ಹಗಲು ಬೆಳಕಿಗೆ ತಂದು ನೋಡಿ. ಅಂಗಡಿಯ ದೀಪದಲ್ಲಿ ಕಡುನೀಲಿ, ಕಪ್ಪು ಒಂದೇ ಥರ ಕಾಣುತ್ತವೆ.

ನಮ್ಮೂರಿನಲ್ಲೇ ಒಳ್ಳೆಯ ಸೂಟ್ ಲೆಂತ್ ಕೊಂಡು ಒಯ್ಯುವುದೂ ಒಂದು ದಾರಿ. ಕೂಲಿಗಷ್ಟೇ ಹೊಲಿದುಕೊಡುತ್ತೀರಾ ಎಂದು ಮೊದಲೇ ಬರೆದು ಕೇಳಿ. 150 ಸೆಂ.ಮೀ. ಅಗಲದ ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರಿಗೆ ಕೋಟು-ಪ್ಯಾಂಟಿಗೆ 3.25 ಮೀಟರ್ ಬೇಕು. ವೇಸ್ಟ್‌ಕೋಟಿಗೆ ಇನ್ನು ಮುಕ್ಕಾಲು ಮೀಟರ್. ಚೌಕಳಿಯಾದರೆ ಗೆರೆ ಕೂಡಿಸಲು ಕಾಲಿನಿಂದ ಅರ್ಧ ಮೀಟರ್ ಹೆಚ್ಚು ಇಟ್ಟುಕೊಳ್ಳಿ. ಎರಡನೇ ಪ್ಯಾಂಟಿಗೆ ಒಂದೂವರೆ ಮೀಟರ್ ಸೇರಿಸಿ, ಇದನ್ನು ಮಾತ್ರ ಬಿಡಬೇಡಿ. ಕೋಟಿಗಿಂತ ಎಷ್ಟೋ ಮೊದಲು ಪ್ಯಾಂಟು ಸವೆಯುತ್ತದೆ, ಆಮೇಲೆ ಅದೇ ಬಣ್ಣದ ಬಟ್ಟೆ ಹುಡುಕಿದರೂ ಸಿಗುವುದಿಲ್ಲ.

ಅಳತೆ ಕೊಡುವಾಗ ಜೇಬಿನ ಫೋನು, ಪರ್ಸು ತೆಗೆದಿಟ್ಟು, ದಿನಾ ನಿಲ್ಲುವ ಹಾಗೇ ನಿಲ್ಲಿ. ಎದೆಯುಬ್ಬಿಸಿ ಹೊಟ್ಟೆ ಒಳಗೆಳೆದು ನಿಂತರೆ ಕೋಟು ಆ ನಿಲುವಿಗೆ ಹೊಂದುತ್ತದೆ, ನಿಮಗಲ್ಲ. ಮುಂದೆ, ಹಿಂದೆ, ಎರಡೂ ಬದಿಯಿಂದ ಫೋಟೊ ತೆಗೆದು ಅಳತೆಯ ಚೀಟಿಯ ಜೊತೆ ಇಡಲು ಹೇಳಿ. ಹೋಯಿ ಆನ್‌ನಲ್ಲಿ ಅಳತೆ ತೆಗೆಯುವವರು ಒಬ್ಬರು, ಊರಿನ ಇನ್ನೊಂದು ಮೂಲೆಯ ಕಾರ್ಖಾನೆಯಲ್ಲಿ ಕತ್ತರಿಸಿ ಹೊಲಿಯುವವರು ಬೇರೆಯವರು. ನಿಮ್ಮ ಒಂದು ಭುಜ ಇಳಿದಿದೆ, ಬೆನ್ನು ಬಾಗಿದೆ ಎಂಬುದು ಕತ್ತರಿ ಹಿಡಿದವರಿಗೆ ಆ ಫೋಟೊಗಳಿಂದಲೇ ಗೊತ್ತಾಗಬೇಕು. ಇದೇ ಕಾರಣಕ್ಕೆ ಬಾಯಿಮಾತು ಬೇಡ. ಎರಡು ಗುಂಡಿ, ಲೇಪಲ್ (ಎದೆಯ ಮೇಲೆ ಮಡಚಿ ಬರುವ ಪಟ್ಟಿ) ಅಗಲ 8.5 ಸೆಂ.ಮೀ., ಹಿಂದೆ ಎರಡು ಸೀಳು, ಸೀಟು (ಪೃಷ್ಠದ ಭಾಗ) ಮುಚ್ಚುವಷ್ಟು ಉದ್ದ, ಎಲ್ಲವೂ ಅಂಕಿಯಲ್ಲಿ ರಸೀದಿಯ ಮೇಲೆ ಬರಲಿ. ಪ್ಯಾಂಟಿನ ಸೀಟಿನ ಹೊಲಿಗೆಯಲ್ಲಿ ಒಂದೂವರೆ ಇಂಚು, ಬಾಟಮ್‌ನಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಲು ಬರೆಸಿ. ಮುಂದೆ ಮೈ ತುಂಬಿಕೊಂಡಾಗ ಊರಿನ ಟೈಲರ್ ಬಿಚ್ಚಿ ದೊಡ್ಡದು ಮಾಡಿಕೊಡುತ್ತಾರೆ.

ಸೂಟಿನ ಹಣೆಬರಹ ತೀರ್ಮಾನವಾಗುವುದು ಮೊದಲ ಟ್ರಯಲ್‌ನಲ್ಲಿ. ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ಕೋಟು ಬರಬೇಕೆಂದು ಮುಂಗಡ ಕೊಡುವ ಮೊದಲೇ ಒಪ್ಪಿಸಿ, ಇಲ್ಲವಾದರೆ ಜೇಬು, ಕಾಲರ್ ಎಲ್ಲಾ ಮುಗಿದ ಕೋಟನ್ನೇ ತಂದು ನಿಲ್ಲಿಸುತ್ತಾರೆ. ಸೆಕೆಯಲ್ಲಿ ಶರ್ಟು ಮೈಗಂಟಿದ್ದರೆ ಕೋಟೂ ಎಳೆದುಕೊಳ್ಳುತ್ತದೆ. ಐದು ನಿಮಿಷ ಫ್ಯಾನಿನಡಿ ಕೂತು ಬೆವರು ಆರಿದ ಮೇಲೆ ಹಾಕಿಕೊಳ್ಳಿ.

ನಾನು ಭುಜದಿಂದ ಶುರುಮಾಡುತ್ತೇನೆ. ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಅಲ್ಲಿ ತಪ್ಪಿದರೆ ಬೇರೇನನ್ನೂ ನೋಡದೆ ಹೊಸದಾಗಿ ಕತ್ತರಿಸಲು ಹೇಳಿ, ಏಕೆಂದರೆ ಮುಗಿದ ಕೋಟಿನ ಭುಜ ತಿದ್ದುವುದೆಂದರೆ ಅರ್ಧ ಕೋಟು ಬಿಚ್ಚಿದಂತೆ. ಕಾಲರ್ ಹಿಂದೆ ಶರ್ಟಿನ ಕಾಲರಿಗೆ ಅಂಟಿರಬೇಕು. ಅದರ ಕೆಳಗೆ ಅಡ್ಡಕ್ಕೆ ಮಡಿಕೆ ಬಿದ್ದರೆ ನಿಮ್ಮ ಭುಜ ಅವರು ಕತ್ತರಿಸಿದ್ದಕ್ಕಿಂತ ನೇರವಾಗಿದೆ ಎಂದರ್ಥ, ಮೇಲಿನ ಹೊಲಿಗೆ ಬಿಚ್ಚಿ ಹೆಚ್ಚಾದ ಬಟ್ಟೆ ತೆಗೆಯಬೇಕು. ಒಂದೇ ಬದಿಯಲ್ಲಿ ಸುಕ್ಕಿದ್ದರೆ ಆ ಭುಜ ಇಳಿದಿದೆ, ಆ ಕಡೆಗೆ ಮಾತ್ರ ತುಸು ದಪ್ಪ ಪ್ಯಾಡು. ಮೇಲಿನ ಗುಂಡಿ ಹಾಕಿದಾಗ ಗುಣಾಕಾರ ಚಿಹ್ನೆಯಂತೆ ಗೆರೆಗಳು ಎದ್ದರೆ ಸೊಂಟ ಬಿಗಿ. ಬದಿಯಿಂದ ನೋಡಿದಾಗ ಕೋಟಿನ ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೆದ್ದಿರಬಾರದು. ಕೈ ಇಳಿಬಿಟ್ಟಾಗ ತೋಳಿನ ಹಿಂಬದಿಯಲ್ಲಿ ಓರೆ ಸುಕ್ಕು ಬಂದರೆ ತೋಳು ಬಿಚ್ಚಿ ನಿಮ್ಮ ಕೈ ಇಳಿಬೀಳುವ ಬಗೆಗೆ ತಕ್ಕಂತೆ ತುಸು ತಿರುಗಿಸಿ ಕೂರಿಸಬೇಕು. ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ. ಇಡೀ ಕೋಟು ಮೇಲೇರಿದರೆ ಆರ್ಮ್‌ಹೋಲ್ (ತೋಳು ಕೂರಿಸುವ ತೆರಪು) ಕೆಳಗಿಳಿದಿದೆ. ಕತ್ತರಿಸಿ ಹೋದ ಬಟ್ಟೆ ಮತ್ತೆ ಸೇರುವುದಿಲ್ಲವಾದ್ದರಿಂದ ಅದಕ್ಕೂ ಹೊಸ ಕಟಿಂಗೇ ಗತಿ. ಸೊಂಟ, ತೋಳುದ್ದ, ಪ್ಯಾಂಟಿನ ಬಾಟಮ್ ಮುಂತಾದವು ಮುಂದಿನ ಟ್ರಯಲ್‌ಗೆ ಉಳಿದರೂ ನಡೆಯುತ್ತದೆ.

ಪಿನ್ನು ಚುಚ್ಚಿ ಸೀಮೆಸುಣ್ಣದ ಗುರುತು ಹಾಕಿದ ಮೇಲೆ ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ಎರಡನೇ ಟ್ರಯಲ್‌ನಲ್ಲಿ ಅದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡಿದರೆ ಬಿಟ್ಟುಹೋದದ್ದು ತಕ್ಷಣ ಸಿಗುತ್ತದೆ. ತೋಳಿನ ತುದಿಯ ಕಾಜಗಳನ್ನು ಉದ್ದ ಖಾತ್ರಿಯಾಗುವ ತನಕ ಕತ್ತರಿಸಬಾರದು, ಕತ್ತರಿಸಿದ ಮೇಲೆ ತೋಳನ್ನು ತುದಿಯಿಂದ ಗಿಡ್ಡ ಮಾಡಲಾಗದು. ಶರ್ಟಿನ ಕಫ್ ಅರ್ಧ ಇಂಚು ಕಾಣುವುದು ಸರಿಯಾದ ಉದ್ದ. ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತು, ಎದ್ದು, ಮೆಟ್ಟಿಲು ಹತ್ತಿ ನೋಡಿ. ತೊಡೆಸಂದಿಯಿಂದ ಅಡ್ಡಗೆರೆಗಳು ಎಳೆದಿದ್ದರೆ ಸೀಟು ಬಿಗಿಯಾಗಿದೆ.

ಅರ್ಧ ದುಡ್ಡು ಮುಂಗಡ, ಉಳಿದದ್ದು ಕೊನೆಯ ಟ್ರಯಲ್ ಒಪ್ಪಿಗೆಯಾದ ಮೇಲೆ. ತಿದ್ದಿ ಕೊರಿಯರ್ ಮಾಡುತ್ತೇವೆ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ, ಮೈಮೇಲೆ ಹಾಕಿ ನೋಡದ ತಿದ್ದುಪಡಿ ಬರೀ ಅಂದಾಜು. ಬ್ಯಾಂಕಾಕಿನ ಸುಖುಮ್ವಿತ್‌ನಲ್ಲಾಗಲಿ ಹಾಂಗ್‌ಕಾಂಗಿನ ಸಿಮ್ ಶಾ ಸುಯಿಯಲ್ಲಾಗಲಿ ಹೊಲಿಸುವವರಿಗೂ ಇದೇ ಕ್ರಮ ನಡೆಯುತ್ತದೆ. ಆ ಎರಡೂ ಕಡೆ ಭಾರತೀಯ ಮೂಲದವರ ಅಂಗಡಿಗಳು ಬಹಳ, ಹಿಂದಿಯಲ್ಲೇ ಮಾತಾಡಿ ಮುಗಿಸಬಹುದು.

ಹೊರಡುವ ಮುನ್ನ ಉಳಿದ ಬಟ್ಟೆಯ ತುಂಡು ಮತ್ತು ಮೂರ್ನಾಲ್ಕು ಗುಂಡಿ ಕೇಳಿ ಪಡೆಯಿರಿ. ಸಿಗರೇಟಿನ ಕಿಡಿಯೋ ಮೊಳೆಯೋ ತಾಗಿ ತೂತಾದರೆ ರಫೂ ಮಾಡುವವರಿಗೆ ಅದೇ ಬಟ್ಟೆಯ ಎಳೆ ಬೇಕು. ಕೋಟನ್ನು ಮಡಿಸುವಾಗ ಒಂದು ಭುಜವನ್ನು ಒಳಹೊರಗು ಮಾಡಿ, ಇನ್ನೊಂದನ್ನು ಅದರೊಳಗೆ ಕೂರಿಸಿ, ಉದ್ದಕ್ಕೆ ಅರ್ಧ ಮಡಿಸಿ, ನಡುವೆ ಒಂದು ಟವೆಲ್ ಸುರುಳಿಯಿಟ್ಟು ಅಡ್ಡಕ್ಕೆ ಬಗ್ಗಿಸಿ. ಕ್ಯಾಬಿನ್ ಬ್ಯಾಗಿನಲ್ಲಿ ಎಲ್ಲದರ ಮೇಲೆ ಅದು ಬರಲಿ. ಮನೆಗೆ ಬಂದ ಕೂಡಲೇ ಅಗಲ ಭುಜದ ಹ್ಯಾಂಗರಿಗೆ ಹಾಕಿ ಒಂದು ರಾತ್ರಿ ತೂಗುಬಿಡಿ. ಉಳಿದ ಸುಕ್ಕಿಗೆ ಹಬೆ ಹಿಡಿಯಿರಿ, ಇಸ್ತ್ರಿಯನ್ನು ನೇರವಾಗಿ ಉಣ್ಣೆಯ ಮೇಲೆ ಒತ್ತಬೇಡಿ, ಹೊಳಪು ಕಲೆ ಉಳಿಯುತ್ತದೆ.