ಎರೆ ಮಣ್ಣಿನಲ್ಲಿ ಒಳಚರಂಡಿ ಪೈಪಿಗೆ ವಾಟ ಕೊಡೋದು: ನನ್ನ ಅನುಭವ

ದಾವಣಗೆರೆ ಸುತ್ತ ಕಟ್ಟಿಕೊಂಡ ಪೈಪನ್ನು ಅಗೆಸಿ ನೋಡಿದಾಗ ಹೆಚ್ಚಾಗಿ ಕಾಣೋದು ಒಂದೇ ದೋಷ. ಎರಡು ತುದಿಯಲ್ಲೂ ವಾಟ, ಅಂದರೆ ನೀರು ಹರಿಯೋ ಇಳಿಜಾರು, ಸರಿಯಿರುತ್ತೆ, ನಡುವೆ ಪೈಪು ಹೊಟ್ಟೆ ಬಿಟ್ಟಿರುತ್ತೆ. ಆ ತಗ್ಗಲ್ಲಿ ನೀರು ನಿಂತು ಹೊಲಸು ಕೂರುತ್ತೆ, ಮೇಲೆ ಅಡುಗೆಮನೆ ಜಿಡ್ಡು ಹಿಡಿಯುತ್ತೆ. ಅದಕ್ಕೇ ಲೆಕ್ಕಕ್ಕಿಂತ ಪೈಪಿನ ಕೆಳಗಿನ ಮರಳಿನ ಹಾಸಿಗೆಗೆ ನಾನು ಹೆಚ್ಚು ಹೊತ್ತು ಕೊಡ್ತೀನಿ.

ಲೆಕ್ಕ ಸುಲಭ. 110 ಮಿ.ಮೀ., ಅಂದರೆ ನಾವು ನಾಲ್ಕಿಂಚು ಅನ್ನೋ ಪೈಪಿಗೆ 40ಕ್ಕೆ 1: ಹತ್ತಡಿಗೆ 3 ಇಂಚು. ಇಳಿತ ಸಾಲದ ಕಡೆ 60ಕ್ಕೆ 1, ಹತ್ತಡಿಗೆ 2 ಇಂಚು. ಅದಕ್ಕಿಂತ ಕಡಿಮೆಗೆ ನಾನು ಒಪ್ಪಲ್ಲ. 'ವಾಟ ಸಾಲದಿದ್ರೆ ಆರಿಂಚು ಹಾಕಿ' ಅನ್ನೋ ಮೇಸ್ತ್ರಿಗಳಿದ್ದಾರೆ. ಒಂದೇ ಮನೆಯ ನೀರು ಆರಿಂಚಿನಲ್ಲಿ ತೆಳ್ಳಗೆ ಹರಡಿಕೊಂಡು ಹೋಗುತ್ತೆ, ಹೊಲಸನ್ನು ತಳ್ಳೋ ಕಸುವು ಅದಕ್ಕಿರಲ್ಲ.

ಅಳತೆ ರಸ್ತೆ ಕಡೆಯಿಂದ ಶುರು. ರಸ್ತೆಯ ಒಳಚರಂಡಿ (ಯುಜಿಡಿ) ಚೇಂಬರಿಗೆ ಪೈಪು ಸೇರೋ ಮಟ್ಟ ನಮ್ಮ ಕೈಲಿಲ್ಲ. ಲೆವೆಲ್ ಪೈಪಿನಿಂದ (ನೀರು ತುಂಬಿದ ಪಾರದರ್ಶಕ ಕೊಳವೆ) ಮನೆಯ ಹಿಂದಿನ ಗೋಡೆಗೂ ರಸ್ತೆ ಪಕ್ಕದ ಗೂಟಕ್ಕೂ ಒಂದೇ ಮಟ್ಟದ ಗುರುತು ಹಾಕಿ, ಎರಡೂ ಕಡೆ ಗುರುತಿನಿಂದ ಕೆಳಕ್ಕೆ ಅಳೀತೀನಿ. ನೆಲದಿಂದ ಅಳೆದರೆ ಕೆಟ್ಟಿತು, ನೆಲವೇ ಏರಿಳಿತ ಇರುತ್ತೆ. ಲೆವೆಲ್ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಸುಳ್ಳು. ಓದುವಾಗ ಎರಡು ತುದಿಯ ಹೆಬ್ಬೆರಳೂ ತೆಗೆದಿರಬೇಕು.

ದಾರಿ 40 ಅಡಿ ಅಂದುಕೊಳ್ಳಿ. ಗುರುತಿನಿಂದ ಹಿಂದಿನ ಚೇಂಬರಲ್ಲಿ ಪೈಪಿನ ಒಳತಳ 36 ಇಂಚು ಕೆಳಗೆ, ರಸ್ತೆ ಕಡೆ 45. ಇಳಿತ 9 ಇಂಚು. 480ನ್ನು 9ರಿಂದ ಭಾಗಿಸಿದರೆ 53ಕ್ಕೆ 1. ನಡೆಯುತ್ತೆ. 7 ಇಂಚೇ ಸಿಕ್ಕಿದ್ದರೆ 69ಕ್ಕೆ 1 ಆಗುತ್ತಿತ್ತು, ಆಗ ಹಿಂದಿನ ತುದಿಯನ್ನು ಒಂದಿಂಚು ಮೇಲೆತ್ತಿ 60ಕ್ಕೆ ತರಬೇಕು.

ಆಮೇಲೆ ದಾರ. ದಾರಕ್ಕೇ ಆ 9 ಇಂಚು ವಾಟ ಕೊಟ್ಟು ಕಟ್ಟಿದರೆ, ಒಂದೇ ಅಳತೆಯ ಕೋಲು ಹಿಡಿದು ಎಲ್ಲಿ ಬೇಕಾದರೂ ಕಾಲುವೆಯ ತಳ ಪರೀಕ್ಷಿಸಬಹುದು. 40 ಅಡಿ ದಾರ ನಡುವೆ ಜೋಲುತ್ತೆ, ಅಲ್ಲೊಂದು ಗೂಟ ಬೇಕೇ ಬೇಕು.

ಈಗ ಹಾಸಿಗೆ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರ ಮೇಲೆ ನೇರ ಮಲಗಿಸಿದ ಪೈಪು ಅದರ ಜೊತೆಗೇ ಏರಿಳಿಯುತ್ತೆ. ಪೈಪಿನ ಕೆಳಗೆ 4 ಇಂಚು ಜಾಸ್ತಿ ಅಗೆಸಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿ, ನೀರು ಚಿಮುಕಿಸಿ ದಿಮ್ಮಸು ಮಾಡಿಸ್ತೀನಿ. ಕಾಲುವೆ ಒಂದೂವರೆ ಅಡಿ ಅಗಲ ಇದ್ದರೆ 40 ಅಡಿಗೆ ಹಾಸಿಗೆಗೇ 20 ಸಿಎಫ್‌ಟಿ (ಘನ ಅಡಿ) ಮರಳು. ಪೈಪಿನ ನೆತ್ತಿಯ ಮೇಲೆ 4 ಇಂಚು ಮುಚ್ಚೋವರೆಗೆ ಒಟ್ಟು ಸುಮಾರು 55. ಎಲ್ಲಾದರೂ ಜಾಸ್ತಿ ಆಳ ಅಗೆದಿದ್ದರೆ ಅದೇ ಮಣ್ಣನ್ನು ವಾಪಸ್ ಸುರಿಯಬಾರದು, ಮೊದಲ ಮಳೆಗೇ ಕುಸಿಯುತ್ತೆ. ಚಿತ್ರದುರ್ಗದ ಕಡೆ ತೊಂದರೆ ಬೇರೆ: ಬಂಡೆಯ ಮೂತಿ ಪೈಪಿಗೆ ಒತ್ತುತ್ತೆ. ಅಲ್ಲೂ ಮರಳಿನ ಹಾಸಿಗೆಯೇ ಮದ್ದು.

ಅಲ್ಲಲ್ಲಿ ಇಟ್ಟಿಗೆ ತುಂಡು ಇಟ್ಟು ವಾಟ ಹೊಂದಿಸೋದು ನಮ್ಮಲ್ಲಿ ಬಲು ರೂಢಿ. ಹೊಟ್ಟೆ ಹುಟ್ಟೋದೇ ಅಲ್ಲಿ: ಭಾರವೆಲ್ಲ ಇಟ್ಟಿಗೆ ಮೇಲೆ, ನಡುವೆ ಪೈಪು ತೂಗಾಡುತ್ತೆ. ಸಾಕೆಟ್ಟಿನದೂ (ಇನ್ನೊಂದು ಪೈಪು ತೂರೋ ಅಗಲ ಬಾಯಿಯ ತುದಿ) ಇದೇ ಕಥೆ. ಅದು ಪೈಪಿಗಿಂತ ದಪ್ಪ, ಆದ್ದರಿಂದ ಅದರ ಕೆಳಗೆ ಮರಳಲ್ಲಿ ಸಣ್ಣ ಗುಳಿ ತೋಡಬೇಕು. ಸಾಕೆಟ್ಟಿನ ಬಾಯಿ ಯಾವಾಗಲೂ ಮನೆ ಕಡೆಗೆ. ರಿಂಗ್ ಜಾಯಿಂಟ್ (ರಬ್ಬರ್ ಉಂಗುರದ ಜೋಡಣೆ) ಆದರೆ ಪೈಪನ್ನು ಪೂರ್ತಿ ತೂರಿಸಿ ಸುಮಾರು 10 ಮಿ.ಮೀ. ಹಿಂದಕ್ಕೆಳೀತೀನಿ, ಹಿಗ್ಗಲು ಜಾಗ ಬೇಕಲ್ಲ.

ಪ್ರತಿ ಪೈಪಿಗೂ ನಾಲ್ಕಡಿ ಸ್ಪಿರಿಟ್ ಲೆವೆಲ್. ಅದರ ರಸ್ತೆ ಕಡೆಯ ತುದಿಯ ಅಡಿಗೆ 30 ಮಿ.ಮೀ. ಮರದ ತುಂಡು ಕಟ್ಟಿದರೆ ಗುಳ್ಳೆ ನಡುವೆ ನಿಂತಾಗ 40ಕ್ಕೆ 1 ಬಂದಿದೆ ಅಂತ. 60ಕ್ಕೆ 1 ಬೇಕಾದರೆ ತುಂಡು 20 ಮಿ.ಮೀ. ತಿರುವಿನಲ್ಲಿ 90 ಡಿಗ್ರಿ ಬೆಂಡ್ ಬೇಡ, 45ರವು ಎರಡು ಹಾಕಿ ಅಲ್ಲೊಂದು ಚೇಂಬರ್ ಕಟ್ಟಿಸಿ.

ಮುಚ್ಚೋ ಮೊದಲು ಕೆಳತುದಿ ಬಿಗಿದು ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ಜಾಯಿಂಟ್ ಸೋರ್ತಿದೆ. ಆ ನೀರನ್ನು ಹೊರಬಿಟ್ಟಮೇಲೆ ಒಂದು ಚೇಂಬರಲ್ಲಿ ಟಾರ್ಚ್, ಇನ್ನೊಂದರಲ್ಲಿ ಕನ್ನಡಿ ಹಿಡಿಯಿರಿ. ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪು ನೆಟ್ಟಗಿದೆ. ಮೊಟಕಾಗಿ ಕಂಡರೆ ಎಲ್ಲೋ ಬಾಗಿದೆ. ಆಗ ಕೀಳಿಸಿ ಮತ್ತೆ ಹಾಕಿಸೋದೇ. ಮರಳಿನ ಮೇಲೆ ಎರೆ ಹೆಂಟೆಗಳನ್ನು ಒಡೆಯದೆ ಉರುಳಿಸಬಾರದು, ಪುಡಿ ಮಾಡಿ ಅರ್ಧರ್ಧ ಅಡಿಗೊಮ್ಮೆ ತುಳಿಸಬೇಕು.