ನಾನು ದೇವ್ರನ್ನ ಏನಂತ ಕರೀತೀನಿ

2021ರ ಮೇ ತಿಂಗಳು, ಕೋವಿಡ್ ವಾರ್ಡಲ್ಲಿ ನೈಟ್ ಡ್ಯೂಟಿ. ಒಬ್ರು ಅಜ್ಜ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, ಸಿಸ್ಟರ್, ದೇವ್ರು ಇದಾನಾ ಅಂತ ಕೇಳಿದ್ರು. ಇದಾನೆ ಅಜ್ಜಾ, ಮಾಸ್ಕ್ ಹಾಕ್ಕೊಳ್ಳಿ ಅಂದೆ. ಬರೀ ಬಾಯಿಮಾತು ಅಂತ ನಂಗೆ ಗೊತ್ತಿತ್ತು, ಅವ್ರಿಗೂ ಗೊತ್ತಾಯ್ತೇನೋ, ಆ ಕಡೆ ತಿರುಗಿ ಮಲಗಿದ್ರು. ಎರಡು ದಿನಕ್ಕೆ ಹೋಗ್ಬಿಟ್ರು. ಆ ಉತ್ತರ ಮಾತ್ರ ನನ್ನ ಬಿಡ್ಲಿಲ್ಲ.

ನಮ್ದು ಧಾರವಾಡದ ಕಡೆ ಲಿಂಗಾಯತರ ಮನೆ, ನಂಗೆ 8 ವರ್ಷಕ್ಕೇ ಲಿಂಗದೀಕ್ಷೆ ಆಗಿತ್ತು, ಆದ್ರೆ ನರ್ಸಿಂಗ್ ಓದೋಕೆ ಹಾಸ್ಟೆಲ್ ಸೇರಿದ್ಮೇಲೆ ಇಷ್ಟಲಿಂಗ, ಅಂದ್ರೆ ದೀಕ್ಷೇಲಿ ಕೊಟ್ಟ ಮೈಮೇಲೆ ಧರಿಸೋ ಪುಟ್ಟ ಲಿಂಗ, ಅದನ್ನಿಡೋ ಕರಡಿಗೆ ಅನ್ನೋ ಡಬ್ಬಿ ಸಮೇತ ಟ್ರಂಕ್ ಸೇರ್ತು, ಆಮೇಲೆ ಬೀರು, ಹಂಗೇ 11 ವರ್ಷ. ಆ ಅಜ್ಜ ಹೋದ್ಮೇಲೆ ಹೊರಗೆ ತೆಗೆದಾಗ, ಅದನ್ನ ಕೊರಳಿಗೆ ಕಟ್ಕೊಳ್ಳೋ ಶಿವದಾರ ಹಳದಿಯಾಗಿತ್ತು. ಅಜ್ಜಿಗೆ ಫೋನ್ ಮಾಡ್ದೆ, ಏನು ಮಂತ್ರ ಹೇಳ್ಬೇಕು ಅಂತ. "ಯವ್ವಾ, ಮದ್ಲ ಸುಮ್ನ ನೋಡ್ಕೋತ ಕುಂದ್ರು, ಏನೂ ಬೇಡಬ್ಯಾಡ" ಅಂದ್ರು.

ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಕೊಂಡು, ಎಡಗೈ ಅಂಗೈಲಿ ಲಿಂಗ ಇಟ್ಕೊಂಡು ಕೂತ್ಕೊಳ್ಳೋಕೆ ಶುರು ಮಾಡ್ದೆ. ಲಿಂಗದ ಮೇಲಿನ ಕಂತಿ ಅನ್ನೋ ಕಪ್ಪು ಲೇಪದ ಮೇಲೆ ದೀಪದ ಬೆಳಕು ಸಾಸಿವೆ ಕಾಳಿನಷ್ಟು ಚುಕ್ಕಿಯಾಗಿ ಕೂತಿರುತ್ತೆ, ಅದನ್ನೇ ನೋಡೋದು. ಮೊದ್ಲು ಕಣ್ಣಲ್ಲಿ ನೀರು, ಕೈ ನೋವು, ತಲೇಲಿ ಡ್ರಗ್ ಚಾರ್ಟು, ಗ್ಯಾಸ್ ಸಿಲಿಂಡರು, ಎಲ್ಲಾ ಓಡ್ತಿತ್ತು. ಮೂರು ವಾರ ಆದ್ಮೇಲೆ ಗೊತ್ತಾಯ್ತು, ಬೇಡಬ್ಯಾಡ ಅಂದಿದ್ರೂ ನಾನು ಒಳಗೊಳಗೇ ಬೇಡ್ತಾನೇ ಇದೀನಿ, ಅದೂ ಬೇರೆಯವ್ರ ಮಾತಲ್ಲಿ.

ಆಗ ವಚನ ಓದೋಕೆ ಶುರು ಮಾಡ್ದೆ, ಅಲ್ಲಿ ನನ್ನ ಹಿಡಿದು ನಿಲ್ಸಿದ್ದು ಅಂಕಿತ, ಅಂದ್ರೆ ವಚನದಲ್ಲಿ ಬರೆದವ್ರು ತಮ್ಮ ದೇವ್ರನ್ನ ಕರೆಯೋ ಹೆಸರು. ಎಲ್ರೂ ಕರೆಯೋದು ಶಿವನನ್ನೇ, ಆದ್ರೆ ಬಸವಣ್ಣನವ್ರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುಗೆ ಗುಹೇಶ್ವರ, ಸೂಳೆ ಸಂಕವ್ವೆಗೆ ನಿರ್ಲಜ್ಜೇಶ್ವರ. ಸಂಕವ್ವೆ ಅಂಕಿತ ಓದಿ ಮೈ ಜುಮ್ ಅಂತು. ಊರು ಯಾವ ಮಾತಿಂದ ತನ್ನನ್ನ ಹಳೀತೋ ಅದರ ಒಳಗಿಂದಾನೇ ದೇವ್ರಿಗೆ ಹೆಸರು ತೆಗೆದಿದಾಳಲ್ಲ ಅನ್ನಿಸ್ತು. ಹಂಗಾದ್ರೆ ನಾನು ಯಾವ ಜಾಗದಿಂದ ಕರೀಬೇಕು?

ಹಳೇ ಡೈರೀಲಿ ಬರ್ದು ಬರ್ದು ಹೊಡೆದು ಹಾಕ್ದೆ. ಕರುಣಾಳು, ತಂದೆ, ಎಲ್ಲಾ ಎರವಲು ಅನ್ನಿಸ್ತಿತ್ತು. ಒಂದಿನ ರಾತ್ರಿ ಮೂರು ಗಂಟೆಗೆ, ವಾರ್ಡೆಲ್ಲಾ ಮಲಗಿ ಮಾನಿಟರ್ ಸದ್ದೊಂದೇ ಕೇಳ್ತಿದ್ದಾಗ, ತಾನಾಗೇ ಬಾಯಿಗೆ ಬಂತು, ಎಚ್ಚರಿದ್ದವನೇ. ಅಷ್ಟೇ. ಎಲ್ರೂ ನಿದ್ದೆ ಮಾಡೋವಾಗ ನನ್ನ ಜೊತೆ ಎದ್ದಿರೋನು. ರೋಗ ವಾಸಿ ಮಾಡ್ತಾನೋ ಇಲ್ವೋ ಅಂತ ನಾನು ಹೇಳಲಾರೆ, ಆದ್ರೆ ಎದ್ದಿದಾನೆ ಅಂತ ಧೈರ್ಯವಾಗಿ ಹೇಳ್ತೀನಿ, ಆ ಅಜ್ಜ ಇವತ್ತು ಕೇಳಿದ್ರೂ ಇದನ್ನೇ ಹೇಳ್ತೀನಿ.

ಬೇರೆಯವ್ರ ಮುಂದೆ ಹೇಳೋಕೆ ಮಾತ್ರ ತುಂಬಾ ಸಂಕೋಚ ಇತ್ತು. ಮೊದ್ಲು ಹೇಳಿದ್ದು ಮಂಗಳೂರಿನ ಕ್ರಿಶ್ಚಿಯನ್ ಸಹೋದ್ಯೋಗಿಗೆ, ಅವ್ಳು ಬ್ರೇಕಲ್ಲಿ ಜಪಮಾಲೆ ಹಿಡ್ಕೊಂಡು ಕೂರೋಳು. ಅವ್ಳು ನಗ್ಲಿಲ್ಲ, ವಾದ ಮಾಡ್ಲಿಲ್ಲ, ಆ ಹೆಸರನ್ನ ಒಂದ್ಸಲ ಮೆಲ್ಲಗೆ ತಾನೂ ಹೇಳಿ ನೋಡಿದ್ಳು. ಹೋದ ವಾರ ಹ್ಯಾಂಡೋವರ್ ಕೊಡುವಾಗ ಫೈಲ್ ನನ್ ಕೈಗಿಟ್ಟು, "ಏಳನೇ ಬೆಡ್ಡಿನ ಅಮ್ಮ ರಾತ್ರಿ ತುಂಬಾ ಹೆದರ್ತಾರೆ ಕಣೇ, ನಿನ್ನ ಎಚ್ಚರಿದ್ದವನಿಗೂ ಒಂದ್ಮಾತು ಹೇಳು" ಅಂದ್ಳು. ಯೂನಿಫಾರ್ಮ್ ಒಳಗಿರೋ ಕರಡಿಗೆ ಮುಟ್ಕೊಂಡು ಏಳನೇ ಬೆಡ್ ಹತ್ರ ಸ್ಟೂಲ್ ಹಾಕ್ಕೊಂಡು ಕೂತೆ.